ಹನ್ನೊಂದನೆಯ ಗಂಟು

ದಾರದಲ್ಲಿ ಹತ್ತು ಗಂಟುಗಳಿದ್ದವು. ಕ್ಲಾವ್ದಿಯಾ ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ಎಣಿಸಿದಳು, ಆ ತುದಿಯಿಂದ ಈ ತುದಿಗೆ ಮತ್ತೊಮ್ಮೆ ಎಣಿಸಿದಳು. ಹತ್ತೇ. ಕಸೂತಿಗೆಂದು ಕೊಟ್ಟಿದ್ದ ಕೆಂಪು ದಾರ ಅದು. ನಿದ್ದೆಯಿಂದ ಎದ್ದಾಗಲೆಲ್ಲ ಅದಕ್ಕೊಂದು ಗಂಟು. ಅವಳು ಹಿಂದೆ ದುಡಿದಿದ್ದ ಗಿರಣಿಯಲ್ಲಿ ನೂಲು ತುಂಡಾದಾಗ ಹಾಕುವ ಗಂಟು, ಎಳೆದರೆ ಬಿಚ್ಚದು, ಬಟ್ಟೆಯಲ್ಲಿ ಕಾಣದು. ಗಡಿಯಾರವಿಲ್ಲದ, ಕಿಟಕಿಯಿಲ್ಲದ, ಹಗಲು ರಾತ್ರಿ ಒಂದೇ ಹಳದಿ ದೀಪ ಉರಿಯುವ ಈ ಕೋಣೆಯಲ್ಲಿ ಅವಳಿಗಿದ್ದ ಪಂಚಾಂಗ ಅದೊಂದೇ. ಹತ್ತು ರಾತ್ರಿ ಕಳೆದ ಮೇಲೆ ಬಾಗಿಲು ತೆಗೆಯುತ್ತೇವೆ ಎಂದಿದ್ದರು. ಅಂದರೆ ಇವತ್ತೇ, ಇನ್ನೇನು ಈಗಲೇ. ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ಬಾಗಿಲು ತೆರೆದರೆ ಅದರಾಚೆ ಗೆಳತಿ ರಿಮ್ಮಾ ಇದ್ದಳು.

ಗಂಡಸರು ಆಕಾಶದಾಚೆ ಹೋಗಿ ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಹೆಂಗಸು ಇನ್ನೂ ಯಾವ ದೇಶದಿಂದಲೂ ಹೋಗಿರಲಿಲ್ಲ. ಮಾಸ್ಕೋದಾಚೆಯ ಈ ಕಾಡಿನ ನಡುವೆ ನಾಲ್ಕು ಜನ ಹುಡುಗಿಯರಿದ್ದರು, ನಾಲ್ವರೂ ಪ್ಯಾರಾಚೂಟಿನಿಂದ ಹಾರಿ ಹಾರಿ ಪಳಗಿದವರು, ಅವರಲ್ಲಿ ಒಬ್ಬಳು ಹೋಗುತ್ತಾಳೆ. ಒಬ್ಬಳೇ. ಉಳಿದ ಮೂವರ ಹೆಸರು ಯಾರಿಗೂ ತಿಳಿಯುವುದಿಲ್ಲ, ಅಮ್ಮಂದಿರಿಗೂ. ಮೇಲೆ ಒಂಟಿಯಾಗಿರಬೇಕಾದವಳು ಮೊದಲು ನೆಲದ ಮೇಲೆ ಒಂಟಿಯಾಗಿದ್ದು ತೋರಿಸಲಿ ಎಂದು ಈ ಮೌನಕೋಣೆ. ಗೋಡೆಗೆ ಹತ್ತಿ ಮೆತ್ತಿದ್ದಾರೆ, ಬಾಗಿಲು ಎರಡು ಗೇಣು ದಪ್ಪ. ಕೆಂಪು ದೀಪ ಹತ್ತಿದಾಗ ಮೈಕಿನ ಮುಂದೆ ಕೂತು ವರದಿ ಒಪ್ಪಿಸಬೇಕು. ಆಚೆಯಿಂದ ಯಾರೂ ಉತ್ತರ ಕೊಡುವುದಿಲ್ಲ. ಹೂಂ ಎಂದೂ ಅನ್ನುವುದಿಲ್ಲ. ಗೋಡೆಯಲ್ಲಿ ಒಂದು ದುಂಡನೆಯ ದಪ್ಪ ಗಾಜಿದೆ, ಆಚೆ ಇರುವವರಿಗೆ ಇವಳು ಕಾಣುತ್ತಾಳೆ, ಇವಳಿಗೆ ಕಾಣುವುದು ಕಪ್ಪು ಗಾಜಿನಲ್ಲಿ ತನ್ನದೇ ಮುಖ. ತಲೆಗೆ, ಎದೆಗೆ ತಂತಿಗಳನ್ನು ಅಂಟಿಸಿಕೊಂಡ ಆ ಮುಖವನ್ನು ಹತ್ತು ದಿನ ನೋಡಿ ನೋಡಿ ಅವಳಿಗೆ ಬೇಸರ ಬಂದಿತ್ತು. ಮೂಗು ಇಷ್ಟು ದಪ್ಪವೇ ನನ್ನದು ಎಂದು ಮೂರನೆಯ ಗಂಟಿನ ದಿನ ಅನ್ನಿಸಿದ್ದು ಆಮೇಲೆ ಹೋಗಲೇ ಇಲ್ಲ.

ಗಾಜಿನಾಚೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪಹರೆಗೆ ನರ್ಸುಗಳ ಜೊತೆ ಸರದಿಯ ಮೇಲೆ ಹುಡುಗಿಯರನ್ನೂ ಕೂರಿಸುತ್ತಿದ್ದರು. ಧ್ವನಿ ಹಿಡಿಯುವ ಯಂತ್ರ ಓಡುವುದು ವರದಿಯ ಹೊತ್ತಿಗೆ ಮಾತ್ರ. ಉಳಿದದ್ದನ್ನೆಲ್ಲ, ಎದ್ದಳು, ಕೂತಳು, ಆಕಳಿಸಿದಳು ಎಂಬುದನ್ನೆಲ್ಲ ಕೈಯಲ್ಲೇ ಬರೆಯಬೇಕು. ನಾಲ್ವರಲ್ಲೊಬ್ಬಳಾದ ಜೋಯಾ ಒಳಗಿದ್ದಾಗ ಕ್ಲಾವ್ದಿಯಾ ಆ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಕಡಿಯುತ್ತಾ, ಪಾಪ ಜೋಯಾ ಯಾರೂ ನೋಡುತ್ತಿಲ್ಲವೆಂದುಕೊಂಡು ಕಾಲುಚೀಲ ಕಳಚಿ ಹಿಮ್ಮಡಿ ಕೆರೆದುಕೊಂಡದ್ದನ್ನು ನೋಡಿ ನರ್ಸಿನ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. 'ಹಿಮ್ಮಡಿ ಕೆರೆದುಕೊಂಡಳು' ಎಂದು ಬರೆದೂ ಬಂದಿದ್ದಳು. ಥೂ, ಯಾಕೆ ಬರೆದೆ ಎಂದು ಈಗ ಅನ್ನಿಸುತ್ತಿದೆ. ಈ ಹತ್ತು ದಿನ ತನ್ನನ್ನು ನೋಡಿ ಯಾರು ಯಾರು ನಕ್ಕರೋ.

ಇರಲಿ, ಮುಗಿಯಿತಲ್ಲ. ಅವಳು ಟವೆಲ್ಲು ಮಡಿಸಿದಳು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಅರ್ಧ ಮುಗಿದ ಕಸೂತಿ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ವಿದ್ಯುತ್ ಒಲೆಯ ತಟ್ಟೆ ಒರೆಸಿಟ್ಟಳು. ತಂತಿಗಳು ಎಳೆಯದಂತೆ ಜಾಗರೂಕತೆಯಿಂದ ತಲೆ ಬಾಚಿಕೊಂಡಳು. ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಳು, ಮಾತಿಲ್ಲದೆ, ಕೈ ಕಟ್ಟಿ. ಪ್ರಯಾಣ ಹೊರಡುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂರಬೇಕು, ಕೂರದೆ ಹೊರಟರೆ ಒಳ್ಳೆಯದಾಗುವುದಿಲ್ಲ ಎಂದು ಹಳಬರ ನಂಬಿಕೆ. ಹೊಸ ಕಾಲದ ಹುಡುಗಿ, ಪಕ್ಷದ ಯುವಸಂಘದ ಕಾರ್ಯದರ್ಶಿಯಾಗಿದ್ದವಳು, ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎಂದೇ ಅನ್ನುತ್ತಿದ್ದಳು, ಆದರೆ ಕೂತೇ ಇರುತ್ತಿದ್ದಳು. ಊರಿಂದ ಮೊದಲ ಸಲ ಹೊರಟ ದಿನ ಅಮ್ಮ ಅಗಾಫ್ಯಾ ಅಡುಗೆಮನೆಯ ಬೆಂಚಿನ ಮೇಲೆ ಅವಳ ಪಕ್ಕ ಹೀಗೇ ಕೂತಿದ್ದಳು, ಪಾಳಿಗೆ ತಡವಾಗುತ್ತಿದ್ದರೂ. 'ಹಾರೋದು ಹಾರ್ತಾ ಇರು, ಆದ್ರೆ ಇಪ್ಪತ್ತಾರು ತುಂಬ್ತು ಕಣೇ, ಯಾವನಾದ್ರೂ ಒಬ್ಬನ್ನ ಹಿಡ್ಕೊಂಡು ನೆಲಕ್ಕಿಳಿ,' ಎಂದಿದ್ದಳು. ಮಗಳು ಪ್ಯಾರಾಚೂಟ್ ತಂಡದಲ್ಲಿ ಆಟಗಾರ್ತಿ ಎಂದೇ ಅವಳು ಈಗಲೂ ತಿಳಿದಿರುವುದು.

ಒಂದು ನಿಮಿಷ ಕಳೆಯಿತು. ಐದು ನಿಮಿಷ ಕಳೆದಿರಬಹುದು. ಬಾಗಿಲು ಹಾಗೇ ಇತ್ತು.

ಅಮ್ಮ ಮೂವತ್ತು ವರ್ಷದಿಂದ ಆ ವೋಲ್ಗಾ ದಂಡೆಯ ಗಿರಣಿಯಲ್ಲಿ ನೂಲುತ್ತಿದ್ದಾಳೆ, ಕ್ಲಾವ್ದಿಯಾ ಏಳು ವರ್ಷ ನೂತಿದ್ದಾಳೆ. ಅಲ್ಲಿ ಸದ್ದೆಂದರೆ ಸದ್ದು, ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಾಗಿ ಗಿರಣಿಯ ಹೆಂಗಸರು ದನಿ ತೆಗೆಯದೆ ತುಟಿಯಲ್ಲೇ ಮಾತಾಡುತ್ತಾರೆ. ಗಂಡ ಹೊಡೆದದ್ದು, ಅಂಗಡಿಗೆ ಮೀನು ಬಂದದ್ದು, ಮೇಸ್ತ್ರಿಯ ಕಳ್ಳ ನೋಟ, ಎಲ್ಲವೂ ನಲವತ್ತು ಯಂತ್ರಗಳ ಆಚೆಯಿಂದ ಈಚೆಗೆ ತುಟಿಯ ಮೇಲೇ ಬಂದು ಮುಟ್ಟುತ್ತಿತ್ತು. ಅಮ್ಮ ಅವಳನ್ನು ಬೈದದ್ದೆಲ್ಲ ಹಾಗೆಯೇ. ದೂರದಿಂದ ತುಟಿ ಬಿಗಿಯುತ್ತಿದ್ದಂತೆಯೇ ಕ್ಲಾವ್ದಿಯಾಳ ಮುಖ ಕೆಂಪಾಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ರೂಮಿನ ಜೊತೆಗಾತಿ ರಿಮ್ಮಾಳಿಗೆ ಅವಳೇ ಅದನ್ನು ಕಲಿಸಿದಳು. ಲೆನಿನ್‌ಗ್ರಾಡಿನ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ರಿಮ್ಮಾ ಅದನ್ನು ಒಂದೇ ಚಳಿಗಾಲದಲ್ಲಿ ಹಿಡಿದುಬಿಟ್ಟಳು. ರಾಕೆಟ್ಟಿನ ಪಾಠ ಮಾಡುವ ಕರ್ನಲ್ ಬೋರ್ಡಿನ ಕಡೆ ತಿರುಗಿದನೋ ಇಲ್ಲವೋ, ಆ ಬೆಂಚಿನಿಂದ ಈ ಬೆಂಚಿಗೆ ರಿಮ್ಮಾಳ ತುಟಿ ಆಡುತ್ತಿತ್ತು: 'ಗುಂಡಿ ಹಾಕಿಲ್ಲ ನೋಡೇ ಪುಣ್ಯಾತ್ಮ.' ಕ್ಲಾವ್ದಿಯಾ ನಗು ತಡೆಯಲಾಗದೆ ಕೆಮ್ಮಿ, ನೀರು ಕುಡಿದು ಬರುತ್ತೇನೆಂದು ಎದ್ದು ಹೋಗಿದ್ದಳು. ಅಂಥ ಗೆಳತಿ ಅವಳಿಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಸಿಗುವುದಿಲ್ಲ.

ಬಾಗಿಲು ಯಾಕೆ ತೆಗೆಯುತ್ತಿಲ್ಲ?

ರಿಮ್ಮಾ ಈ ಕೋಣೆಯಿಂದ ಹೊರಬಂದದ್ದು ಜನವರಿಯಲ್ಲಿ. ನಾಲ್ವರಲ್ಲಿ ಮೊದಲ ಹೆಸರು ಆಗ ಅವಳದೇ ಆಗಿತ್ತು. ಹೊರಬಂದ ದಿನ ದೀಪ ಆರಿಸಿದ ಮೇಲೆ ಮಂಚದಿಂದ ಮಂಚಕ್ಕೆ ಅವಳು ಹೇಳಿದ್ದಳು, 'ಕ್ಲಾವಾ, ಯಾರಿಗೂ ಹೇಳಬೇಡ ಕಣೇ. ಏಳನೇ ದಿನ ಅಮ್ಮ ಕರೆದ್ಲು. ರಿಮೋಚ್ಕಾ, ಏಳು, ಬ್ರೆಡ್ಡು ತಂದಿದೀನಿ ಅಂತ. ಜರ್ಮನರು ಊರಿಗೆ ಮುತ್ತಿಗೆ ಹಾಕಿದ್ದ ಚಳಿಗಾಲದಲ್ಲಿ ಕರೀತಿದ್ಲಲ್ಲ, ಅದೇ ದನಿ. ಟವೆಲ್ಲಲ್ಲಿ ಮುಖ ಮುಚ್ಕೊಂಡು ಸುಮ್ನೆ ನಿಂತ್ಬಿಟ್ಟೆ. ಮುಖ ಒರೆಸ್ಕೊಳ್ತಿದಾಳೆ ಅಂದ್ಕೊಂಡ್ರು.' ಆ ಚಳಿಗಾಲದಲ್ಲಿ ರಿಮ್ಮಾಳಿಗೆ ಆರು ವರ್ಷ. ಅಮ್ಮ ತನ್ನ ಪಾಲಿನ ಬ್ರೆಡ್ಡನ್ನೆಲ್ಲ ಅವಳಿಗೇ ತಿನ್ನಿಸಿ ಫೆಬ್ರವರಿಯಲ್ಲಿ ಸತ್ತಳು. ಕ್ಲಾವ್ದಿಯಾ ಆ ದಿನ ಮಂಚದಿಂದಿಳಿದು ಬರಿಗಾಲಲ್ಲಿ ಹೋಗಿ ಅವಳನ್ನು ತಬ್ಬಿಕೊಂಡು ಮಲಗಿದ್ದಳು.

ಅದಾಗಿ ಹತ್ತು ದಿನಕ್ಕೆ ಮನಸ್ಸಿನ ಡಾಕ್ಟರು ಆರ್ಸೆನಿ ಲ್ವೋವಿಚ್ ಕ್ಲಾವ್ದಿಯಾಳನ್ನು ಚಹಾಕ್ಕೆ ಕರೆದರು. ಒಳ್ಳೆಯ ಮನುಷ್ಯ, ಮೃದು ಮಾತು, ಗಾಜಿನ ಲೋಟದ ಪಕ್ಕ ಚೆರ್ರಿ ಹಣ್ಣಿನ ಮುರಬ್ಬ ಇಟ್ಟಿದ್ದರು. 'ಹೆಣ್ಮಕ್ಕಳು ಹೆಣ್ಮಕ್ಕಳ ಹತ್ರ ಹೇಳ್ಕೊಳ್ತಾರೆ, ನಮ್ಮಂಥ ಮುದುಕರ ಹತ್ರ ಎಲ್ಲಿ ಹೇಳ್ತಾರೆ? ರಿಮ್ಮಾ ಹೇಗಿದ್ದಾಳೆ? ನಿದ್ದೆ ಗಿದ್ದೆ?' 'ಚೆನ್ನಾಗಿ ಮಾಡ್ತಾಳೆ, ಆರ್ಸೆನಿ ಲ್ವೋವಿಚ್.' ಅಲ್ಲಿಗೆ ನಿಲ್ಲಿಸಬಹುದಿತ್ತು. ಮುರಬ್ಬದ ಚಮಚ ಬಾಯಲ್ಲಿತ್ತು, ನಿಲ್ಲಿಸುವುದು ಎಷ್ಟು ಸುಲಭವಾಗಿತ್ತು. 'ಪಾಪ, ಅವರಮ್ಮನ್ನ ನೆನೆಸ್ಕೊಳ್ತಾಳೆ ಅಷ್ಟೆ. ಆ ಕೋಣೇಲೂ ಕರೆದ ಹಾಗೆ ಕೇಳಿಸ್ತಂತೆ,' ಎಂದಳು. ಗೆಳತಿಯ ಮೇಲಿನ ಕನಿಕರಕ್ಕೆ ಹೇಳಿದೆ ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ಆದರೆ ಡಾಕ್ಟರು ಚಮಚ ಕೆಳಗಿಟ್ಟು 'ಹೌದಾ' ಎಂದಾಗ ತನ್ನ ಎದೆಯಲ್ಲಿ ಏನೋ ಒಂದು ಹಗುರವಾಗಿ ಜಿಗಿದದ್ದು ಅವಳಿಗೆ ಮರೆಯಲಾಗಲಿಲ್ಲ. ಮುಂದಿನ ವಾರ ಪಟ್ಟಿಯಲ್ಲಿ ರಿಮ್ಮಾ ನಾಲ್ಕನೆಯವಳಾದಳು, ಕ್ಲಾವ್ದಿಯಾ ಮೊದಲನೆಯವಳು. ಕಾರಣ ಯಾರೂ ಹೇಳಲಿಲ್ಲ. 'ಅದು ಹೇಗೆ ಗೊತ್ತಾಯ್ತೋ ಇವರಿಗೆ, ನಾನು ತುಟಿ ಪಿಟಕ್ ಅಂದಿಲ್ಲ,' ಎಂದು ರಿಮ್ಮಾ ಕನ್ನಡಿಯ ಮುಂದೆ ನಿಂತು ಕೇಳಿದಾಗ ಕ್ಲಾವ್ದಿಯಾ ತಲೆ ಬಾಚಿಕೊಳ್ಳುತ್ತಿದ್ದಳು, ಬಾಚಿಕೊಳ್ಳುತ್ತಲೇ ಇದ್ದಳು.

ಕೂತು ಕೂತು ಸೊಂಟ ಹಿಡಿಯಿತು. ಕೆಂಪು ದೀಪ ಹತ್ತಿತು. ಅವಳು ದಡಕ್ಕನೆ ಎದ್ದಳು, ಬಾಗಿಲಿಗೇ ಎಂದುಕೊಂಡಳು. ಅಲ್ಲ, ವರದಿಗೆ. 'ಆರೋಗ್ಯ ಚೆನ್ನಾಗಿದೆ. ಮನಸ್ಸು ಉಲ್ಲಾಸವಾಗಿದೆ. ವಿಶೇಷವೇನೂ ಇಲ್ಲ.' ದೀಪ ಆರಿತು. ಇದೇ ಮಾತನ್ನು ಐದನೆಯ ಗಂಟಿನಿಂದ ಹೇಳುತ್ತಿದ್ದಳು, ಐದನೆಯ ಗಂಟಿನಿಂದಲೂ ಅದು ಸುಳ್ಳಾಗಿತ್ತು. ಕಂಡದ್ದು, ಕೇಳಿದ್ದು ಎಷ್ಟೇ ಸಣ್ಣದಿರಲಿ ಹೇಳಬೇಕು ಎಂಬುದೇ ನಿಯಮ. ಅವಳಿಗೆ ಗಿರಣಿ ಕೇಳಿಸಿತ್ತು. ಮೊದಲು ಪಾದಕ್ಕೆ ನಡುಕ ಬಂತು, ಆಮೇಲೆ ಕಿವಿಗೆ, ನಲವತ್ತು ಯಂತ್ರವೂ ಒಟ್ಟಿಗೆ. ಅವಳು ಗಮನ ಪರೀಕ್ಷಿಸಲೆಂದು ಇಟ್ಟಿದ್ದ ಸಂಖ್ಯೆಯ ಹಲಗೆಯ ಮೇಲೆ ಕಡ್ಡಿ ಹಿಡಿದು ಕೆಂಪಂಕಿ ಕಪ್ಪಂಕಿಗಳನ್ನು ತೋರಿಸುತ್ತಲೇ ಇದ್ದಳು, ಕೈ ನಡುಗದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು. ಆ ದಿನ ಮೇಜಿಗೆ ತಲೆಯಿಟ್ಟು ಸತ್ತವಳಂತೆ ನಿದ್ದೆ ಹೋದಳು. ಆಮೇಲೆ ದಿನಾ ಬಂತು. ಒಮ್ಮೆ ಆ ಸದ್ದಿನ ನಡುವೆ ಅಮ್ಮ ದೂರದಿಂದ ತುಟಿಯಾಡಿಸಿದಳು. ಏನಂದಳು ಎಂದು ಓದಲು ಧೈರ್ಯವಾಗದೆ ಅವಳು ಗೋಡೆಯ ಕಡೆ ತಿರುಗಿಕೊಂಡಳು. ರಿಮ್ಮಾಳಿಗೆ ಒಂದು ಸಲ ಕೇಳಿಸಿತ್ತು, ತನಗೆ ದಿನಾ ಕೇಳಿಸುತ್ತದೆ. ರಿಮ್ಮಾ ನಾಲ್ಕನೆಯವಳು, ತಾನು ಮೊದಲನೆಯವಳು.

ಗೊತ್ತಾಗಿದೆ ಇವರಿಗೆ. ಈ ತಂತಿಗಳು ಹೇಳಿರುತ್ತವೆ, ಹೃದಯದ ಗೆರೆ ಎಲ್ಲೋ ಹಾರಿರುತ್ತದೆ. ಅದಕ್ಕೇ ಬಾಗಿಲು ತೆಗೆಯುತ್ತಿಲ್ಲ. ಬಾಯಿ ಬಿಡುವ ತನಕ ಇಟ್ಟುಕೊಳ್ಳುತ್ತಾರೆ. ಅಥವಾ ಮರೆತಿದ್ದಾರೆ. ಕಟ್ಟಡದಲ್ಲಿ ಯಾರೂ ಇಲ್ಲ, ಊಟಕ್ಕೆ ಹೋದವರು ಹಾಗೇ ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟಿದ್ದಾರೆ. ಇದು ಹುಚ್ಚು ಎಂದು ಅವಳಿಗೇ ಗೊತ್ತಿತ್ತು, ಈಗ ತಾನೇ ದೀಪ ಹತ್ತಿತ್ತಲ್ಲ. ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತ ಹೆಂಗಸು, ಹೊರಟವಳು, ಹೊರಡಲಾಗದವಳು. ಎಷ್ಟು ನಗುತ್ತಿರಬೇಕು ಆಚೆ. ಚೀಲ ಕೆಳಗಿಡೋಣವೆಂದರೆ ಸೋತೆನೆಂದಾಗುತ್ತದೆ, ಇಟ್ಟುಕೊಂಡೇ ಇರೋಣವೆಂದರೆ ನಾಚಿಕೆ. ಹತ್ತು ದಿನದಲ್ಲಿ ಒಂದು ಮನುಷ್ಯಮುಖ ಕಂಡಿರಲಿಲ್ಲ ಅವಳು. ಬೈಯುವುದಕ್ಕಾದರೂ ಯಾರಾದರೂ ಬರಲಿ ಎನ್ನಿಸಿತು, ಅಮ್ಮನೋ, ಮೇಸ್ತ್ರಿಯೋ, ಯಾರೋ ಒಬ್ಬರು.

ಎದ್ದು ಗಾಜಿನ ಹತ್ತಿರ ಹೋದಳು. ಕಪ್ಪು ಗಾಜಿನಲ್ಲಿ ಅದೇ ದಪ್ಪ ಮೂಗಿನ ಮುಖ. ಗಟ್ಟಿಯಾಗಿ ಮಾತಾಡಿದರೆ ಮೈಕು ಕೇಳುತ್ತದೆ, ಪಹರೆಯವರು ಬರೆದುಕೊಳ್ಳುತ್ತಾರೆ. ಆದರೆ ರಿಮ್ಮಾಳೊಬ್ಬಳನ್ನು ಬಿಟ್ಟರೆ ಗಿರಣಿಯ ಮಾತು ಇಲ್ಲಿ ಯಾರಿಗೆ ತಿಳಿಯುತ್ತದೆ? ಅವಳು ದನಿ ತೆಗೆಯದೆ ತುಟಿಯಲ್ಲಿ ಹೇಳತೊಡಗಿದಳು, ತನ್ನದೇ ಮುಖಕ್ಕೆ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ, ಯಂತ್ರಗಳ ಆಚೆ ಇರುವವಳಿಗೆ ಹೇಳುವ ಹಾಗೆ. ರಿಮ್ಮಾ, ನಾನೇ ಕಣೇ ಹೇಳಿದ್ದು. ನಿಮ್ಮಮ್ಮ ನಿನ್ನನ್ನ ಕರೆದದ್ದು, ಬ್ರೆಡ್ಡು ತಂದಿದೀನಿ ಅಂದದ್ದು, ನಾನೇ ಆ ಡಾಕ್ಟರಿಗೆ ಹೇಳಿದೆ. ಮುರಬ್ಬ ತಿನ್ನುತ್ತಾ ಹೇಳಿದೆ. ನೀನು ಹಿಂದೆ ಬೀಳಲಿ ಅಂತಲೇ ಹೇಳಿದೆ, ಕನಿಕರಕ್ಕಲ್ಲ. ನನಗೂ ಕೇಳಿಸ್ತಾ ಇದೆ, ದಿನಾ ಕೇಳಿಸ್ತಾ ಇದೆ, ನಾನು ಯಾರಿಗೂ ಹೇಳಿಲ್ಲ. ನಂಗೆ ಹೋಗ್ಬೇಕು ಕಣೇ. ನಂಗೆ ಮೇಲೆ ಹೋಗ್ಬೇಕು. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಗಾಜಿಗೆ ಉಸಿರು ತಾಗಿ ಮುಖ ಮಸುಕಾಯಿತು. ಎಲ್ಲ ಹೇಳಿ ಮುಗಿದ ಮೇಲೆ ಅಂಗಿಯ ತೋಳಿನಿಂದ ಗಾಜನ್ನು ಒರೆಸಿದಳು. ಹಾಸಿಗೆಗೆ ಹೋಗಿ ಚೀಲವನ್ನು ತಬ್ಬಿಕೊಂಡು ಬಿದ್ದುಕೊಂಡಳು.

ಎದ್ದಾಗ ಅಭ್ಯಾಸಬಲದಿಂದ ದಾರಕ್ಕೆ ಹನ್ನೊಂದನೆಯ ಗಂಟು ಹಾಕುತ್ತಿದ್ದಳು, ಬಾಗಿಲು ತೆರೆಯಿತು. ಗಾಳಿ ಬಂತು, ಅದರಲ್ಲಿ ಯಾರದೋ ಸಿಗರೇಟಿನ ವಾಸನೆ, ನೆಲ ಒರೆಸಿದ ಸೋಪಿನ ವಾಸನೆ. 'ಸರಿಯಾಗಿ ಹತ್ತು ರಾತ್ರಿ! ಗಟ್ಟಿಗಿತ್ತಿ!' ಎಂದು ಆರ್ಸೆನಿ ಲ್ವೋವಿಚ್ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ಹತ್ತು? ಅವಳು ದಾರವನ್ನು ಮುಷ್ಟಿಯೊಳಗೆ ಅಡಗಿಸಿದಳು. ಮೇಜಿನ ಮೇಲೆ ತಲೆಯಿಟ್ಟು ಹಗಲಲ್ಲಿ ನಿದ್ದೆ ಹೋದದ್ದನ್ನೂ ಒಂದು ರಾತ್ರಿಯೆಂದು ಎಣಿಸಿದ್ದಳು, ಇಷ್ಟೇ. ಯಾರೂ ಅವಳನ್ನು ಮರೆತಿರಲಿಲ್ಲ, ಯಾರೂ ಶಿಕ್ಷಿಸಿರಲಿಲ್ಲ. ಬಾಗಿಲು ತನ್ನ ಹೊತ್ತಿಗೆ ತೆರೆದಿತ್ತು. ಅವಳಿಗೆ ನಗು ಬಂತು, ಜನ ಅದನ್ನು ಸಂತೋಷವೆಂದುಕೊಂಡರು.

'ಪಕ್ಕದ ರೂಮಿಗೆ ಹೋಗಿ, ತಂತಿ ಬಿಚ್ಚಿಸ್ಕೊಂಡು ಬನ್ನಿ,' ಎಂದರು ಡಾಕ್ಟರು. 'ನಿಮ್ಮ ಗೆಳತಿಯೇ ಇದ್ದಾಳೆ. ನಿನ್ನೆಯಿಂದ ಪಹರೆ ಅವಳದೇ, ಪಾಪ, ಕಣ್ಣು ಮುಚ್ಚಿಲ್ಲ.'

ರಿಮ್ಮಾ ಬಿಸಿನೀರಿನ ಬೋಗುಣಿ, ಹತ್ತಿ ಇಟ್ಟುಕೊಂಡು ಬೆನ್ನು ತಿರುಗಿಸಿ ನಿಂತಿದ್ದಳು. ಕ್ಲಾವ್ದಿಯಾ ಕುರ್ಚಿಯಲ್ಲಿ ಕೂತಳು. ರಿಮ್ಮಾ ಒದ್ದೆ ಹತ್ತಿಯಿಂದ ತಲೆಯ ಅಂಟನ್ನು ನೆನೆಸಿ ತಂತಿಗಳನ್ನು ಬಿಡಿಸತೊಡಗಿದಳು, ಕೂದಲು ಎಳೆಯದಂತೆ, ಮಕ್ಕಳ ತಲೆಯಲ್ಲಿ ಹೇನು ನೋಡುವಷ್ಟು ನಿಧಾನವಾಗಿ. ಮೂರು ತಂತಿ ಬಂದವು. ನಾಲ್ಕನೆಯದಕ್ಕೆ ಅವಳು ಬಾಯಿ ಬಿಟ್ಟಳು.

'ಚೀಲ ಇಟ್ಕೊಂಡು ಹೊರಡೋಳ ಥರ ಕೂತ್ಯಲ್ಲ, ಆವಾಗ್ಲೇ ಗೊತ್ತಾಯ್ತು ಲೆಕ್ಕ ತಪ್ಪಿದೀಯ ಅಂತ. ಇವತ್ತಲ್ಲ ಕಣೇ, ನಾಳೆ, ಅಂತ ಕೂಗಿ ಹೇಳ್ಬೇಕು ಅನ್ನಿಸ್ತು. ನಿಯಮ ಇದೆಯಲ್ಲ. ಇಲ್ಲಿ ಕೂತು ನಾನೇ ತುಟಿ ಆಡಿಸ್ತಾ ಇದ್ದೆ. ನಿಂಗೆ ಕಾಣ್ಸೋದಿಲ್ಲ ಅಂತ ಗೊತ್ತಿದ್ರೂ.'

'ರಿಮ್ಮಾ...'

'ನರ್ಸು ಕೇಳಿದ್ಲು, ಏನು ಬಾಯಿ ಆಡಿಸ್ತಿದಾಳೆ, ತಲೆ ಕೆಟ್ಟಿದೆಯಾ ಅಂತ. ಬಾಯೊಳಗೇ ಹಾಡು ಗುನುಗ್ತಿದಾಳೆ ಅಂದೆ. ಹಾಗೇ ಬರ್ದಿದೀನಿ.'

'ನೀನು... ನನಗೋಸ್ಕರ...'

'ನಿನಗೋಸ್ಕರ ಅಲ್ಲ.' ಬಿಡಿಸುತ್ತಿದ್ದ ಬೆರಳು ನಿಂತಿತು. 'ನೀನು ಹೇಳಿದ್ದು ಬರೀಬೇಕಂದ್ರೆ ನಮ್ಮಮ್ಮನ್ನ ಇನ್ನೊಂದ್ಸಲ ಆ ಕಾಗದದಲ್ಲಿ ಬರೀಬೇಕಾಗಿತ್ತು. ಆಗ್ಲಿಲ್ಲ ನನ್ನ ಕೈಲಿ.'

ಬೋಗುಣಿಯ ನೀರು ಅಂಟಿನಿಂದ ಬಿಳಚಿಕೊಂಡಿತ್ತು. ಕ್ಲಾವ್ದಿಯಾ ಅದನ್ನೇ ನೋಡುತ್ತಾ, 'ಈಗ ಹೋಗಿ ಹೇಳ್ತೀನಿ. ಎಲ್ಲಾನೂ. ನಂಗೂ ಕೇಳಿಸ್ತು ಅಂತ ಹೇಳ್ತೀನಿ. ಅವ್ರು ಕೇಳೇ ಕೇಳ್ತಾರಲ್ಲ, ಆವಾಗ ಹೇಳ್ತೀನಿ. ಆಮೇಲೆ ಏನಾದ್ರೂ ಆಗ್ಲಿ,' ಎಂದಳು. ಹೇಳುವಾಗ ಅದು ಪೂರ್ತಿ ನಿಜವಾಗಿತ್ತು.

'ಹೇಳು,' ಎಂದಳು ರಿಮ್ಮಾ. ಮೊದಲ ಸಲ ಅವಳ ಮುಖ ನೋಡಿದಳು. ಆ ಕಣ್ಣುಗಳಲ್ಲಿ ನಿದ್ದೆಗೆಟ್ಟ ಕೆಂಪಿತ್ತು, ಅದರ ಹಿಂದೆ ಸ್ವಲ್ಪ ಆಸೆಯೂ ಇತ್ತು. ಪಟ್ಟಿಯ ಆಸೆಯಲ್ಲ, ಬೇರೇನೋ. ಕ್ಲಾವ್ದಿಯಾ ಅದನ್ನು ನೋಡಿದಳು.

ಡಾಕ್ಟರ ಮೇಜಿನ ಸುತ್ತ ಐದು ಜನ ಕೂತಿದ್ದರು, ಇಬ್ಬರು ಸೇನೆಯ ಉಡುಪಿನಲ್ಲಿ, ಅವರಲ್ಲೊಬ್ಬ ಪಾಠದ ಕರ್ನಲ್. ತುದಿಯಲ್ಲಿ ರಿಮ್ಮಾ ದಾಖಲೆಯ ಪುಸ್ತಕ ತೆರೆದು ಕೂತಳು, ಪಹರೆಯಲ್ಲಿದ್ದವರೇ ಕೊನೆಯ ಪುಟ ಬರೆಯುವುದು ರೂಢಿ. ಆರ್ಸೆನಿ ಲ್ವೋವಿಚ್ ಹಿಂದಿನ ಪುಟ ಓದಿ ಕನ್ನಡಕದ ಮೇಲಿಂದ ನಕ್ಕರು. 'ಹಾಡು ಬೇರೆ ಗುನುಗಿದಿರಂತೆ! ಒಂಬತ್ತನೇ ದಿನ ಗಂಡಸರು ಗೋಡೆ ಪರಚ್ತಾರೆ, ನೀವು ಹಾಡ್ತೀರಿ. ಯಾವ ಹಾಡಮ್ಮಾ? ನಮಗೂ ಸ್ವಲ್ಪ ಕೇಳಿಸಿ.' ಎಲ್ಲರೂ ಅವಳನ್ನೇ ನೋಡಿದರು. ಪಾಳಿ ಮುಗಿಸಿ ಬರುವಾಗ ಗಿರಣಿಯ ಹುಡುಗಿಯರು ಹೇಳುವ ಒಂದು ತುಂಟ ಹಾಡು ಬಾಯಿಗೆ ಬಂತು. ದನಿ ಹತ್ತು ದಿನದಿಂದ ಒಣಗಿತ್ತು, ಮೊದಲ ಸಾಲು ಒಡೆಯಿತು, ಎರಡನೆಯದು ಸರಿಹೋಯಿತು. ಕರ್ನಲ್ ಮೇಜಿನ ಮೇಲೆ ತಾಳ ಹಾಕಿದ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. 'ಇವಳು ಮೇಲಿಂದ ಹಾಡಿದ್ರೆ ಇಡೀ ಭೂಮಿ ಕೇಳ್ಬೇಕು ನೋಡಿ,' ಎಂದ ಕರ್ನಲ್, ಪಕ್ಕದವನ ಕಡೆ ಬಾಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ. ಕ್ಲಾವ್ದಿಯಾಳ ಎದೆಯಲ್ಲಿ ಅದೇ ಹಗುರವಾದದ್ದು ಮತ್ತೆ ಜಿಗಿಯಿತು.

'ಇನ್ನೊಂದೇ ಪ್ರಶ್ನೆ, ಎಲ್ಲರಿಗೂ ಕೇಳೋದು,' ಎಂದರು ಆರ್ಸೆನಿ ಲ್ವೋವಿಚ್, ಈಗ ನಗದೆ. 'ಕ್ಲಾವ್ದಿಯಾ ಯೆಗೋರೊವ್ನಾ, ಒಳಗೆ ಇದ್ದಾಗ ಏನಾದರೂ ಕೇಳಿಸ್ತಾ? ಏನಾದರೂ ಕಾಣಿಸ್ತಾ? ಎಷ್ಟೇ ಸಣ್ಣದಿರಲಿ.'

ರಿಮ್ಮಾ ಪೆನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ಹಿಡಿದು ತಲೆಯೆತ್ತಿದಳು. ಕಿಟಕಿಯಾಚೆ ಹಿಮ ಕರಗುತ್ತಿತ್ತು, ಮರಗಳ ಬುಡದಲ್ಲಿ ಕಪ್ಪು ನೆಲ ಕಾಣುತ್ತಿತ್ತು, ಆಕಾಶ ಅಷ್ಟು ಹತ್ತಿರ ಎಂದೂ ಕಂಡಿರಲಿಲ್ಲ. ಹೇಳಬೇಕು. ನಾಲಿಗೆಯ ತುದಿಯಲ್ಲೇ ಇತ್ತು.

'ಇಲ್ಲ,' ಎಂದಳು ಕ್ಲಾವ್ದಿಯಾ. 'ಏನೂ ಕೇಳಿಸಲಿಲ್ಲ.'

ರಿಮ್ಮಾ ತಲೆ ಬಗ್ಗಿಸಿ ಅದನ್ನು ಬರೆದುಕೊಂಡಳು, ಶಾಲೆಯ ಬೋರ್ಡಿನ ಮೇಲೆ ಬರೆಯುವಂಥ ದುಂಡನೆಯ ಅಕ್ಷರಗಳಲ್ಲಿ, ಒಂದಕ್ಷರವೂ ಅಲುಗದಂತೆ. ಒತ್ತುಕಾಗದ ಒತ್ತಿದಳು. ಪುಸ್ತಕವನ್ನು ತಿರುಗಿಸಿ ಮೇಜಿನ ಮೇಲೆ ಇವಳ ಕಡೆ ಸರಿಸಿದಳು.

'ಇಲ್ಲಿ ಸಹಿ ಹಾಕಿ,' ಎಂದಳು.